ಬಳ್ಳಾರಿ ಹಳೇ ಏರ್‌ಸ್ಟ್ರಿಪ್‌ಗೆ ಎಟಿಆರ್ ಯಾಕೆ ಬರಲ್ಲ? ತೋರಣಗಲ್ಲೇ ಗತಿನಾ?

ಕೌಲ್‌ಬಜಾರ್_ಹುಡುಗ:
ಟಿಕೆಟ್ ಆ್ಯಪ್‌ನಲ್ಲಿ ಬಳ್ಳಾರಿ ಅಂತ ಹುಡುಕಿದರೆ ಒಂದು ವಿಮಾನನೂ ಸಿಗಲ್ಲ. ಕಂಟೋನ್ಮೆಂಟ್ ಕಡೆ ಹಳೇ ವಿಮಾನ ನಿಲ್ದಾಣ ಇದ್ದೇ ಇದೆ. ಎಟಿಆರ್-72 ಅನ್ನೋ 70 ಸೀಟಿನ ಸಣ್ಣ ವಿಮಾನಕ್ಕೆ 1,300 ಮೀಟರ್ ರನ್‌ವೇ ಸಾಕು ಅಂತ ಎಲ್ಲಾ ಕಡೆ ಬರೆದಿರ್ತಾರೆ. ಅಷ್ಟು ಉದ್ದ ಡಾಂಬರು ಹಾಕಿ ಅಲ್ಲೇ ಶುರು ಮಾಡೋಕೆ ಏನು ತೊಂದರೆ? ಗೊತ್ತಿರೋರು ಲೆಕ್ಕ ಸಮೇತ ಹೇಳಿ.

ಗಾಳಿಗುಡ್ಡ:
ಆ 1,300 ಮೀಟರ್ ಸಮುದ್ರ ಮಟ್ಟದಲ್ಲಿ, 15 ಡಿಗ್ರಿ ತಾಪಮಾನದಲ್ಲಿ ಅಳೆದದ್ದು. ಬಳ್ಳಾರಿಯಲ್ಲಿ ಎರಡೂ ಇಲ್ಲ.

ಲೆಕ್ಕ ಹೀಗೆ. ಎತ್ತರಕ್ಕೆ ಪ್ರತಿ 300 ಮೀಟರ್‌ಗೆ 7% ಸೇರಿಸಬೇಕು. ಬಳ್ಳಾರಿ ಸುಮಾರು 480 ಮೀಟರ್ ಎತ್ತರದಲ್ಲಿದೆ, ಅಂದರೆ 11% ಮೇಲೆ. 1,300 ಹೋಗಿ 1,446 ಆಯ್ತು. ಆಮೇಲೆ ಬಿಸಿಲು. ಆ ಎತ್ತರಕ್ಕೆ ಪುಸ್ತಕದ ಪ್ರಕಾರ ಇರಬೇಕಾದ ತಾಪಮಾನ 12 ಡಿಗ್ರಿ. ವಿನ್ಯಾಸಕ್ಕೆ ತಗೊಳ್ಳೋದು ಅತಿ ಬಿಸಿ ತಿಂಗಳಿನ ದಿನದ ಗರಿಷ್ಠ ತಾಪಮಾನಗಳ ಸರಾಸರಿ, ನಮ್ಮಲ್ಲಿ 40ರ ಆಸುಪಾಸು. ವ್ಯತ್ಯಾಸ 28 ಡಿಗ್ರಿ. ಡಿಗ್ರಿಗೆ 1% ಅಂದ್ರೆ 28%. ಅಲ್ಲಿಗೆ 1,850 ಮೀಟರ್! ಎರಡೂ ಸೇರಿ ಹೆಚ್ಚಳ 35% ದಾಟಿದರೆ ಈ ಸರಳ ಸೂತ್ರವನ್ನೇ ನಂಬಬೇಡಿ, ಆ ಜಾಗಕ್ಕೇ ಪ್ರತ್ಯೇಕ ಅಧ್ಯಯನ ಮಾಡಿಸಿ ಅಂತ ಅಂತರರಾಷ್ಟ್ರೀಯ ಕೈಪಿಡಿಯೇ ಹೇಳುತ್ತೆ. ನಮ್ಮದು 42%.

ರನ್‌ವೇ ಗಿಡ್ಡ ಇದ್ದರೆ ವಿಮಾನ ಹಾರೋದೇ ಇಲ್ಲ ಅಂತಲ್ಲ, ತೂಕ ಇಳಿಸಿ ಹಾರಬೇಕು. ಬ್ಯಾಗ್ ಸೇರಿ ಒಬ್ಬ ಪ್ರಯಾಣಿಕ ಸುಮಾರು 100 ಕೆ.ಜಿ. ಒಂದು ಟನ್ ಬಿಡಬೇಕಾದರೆ 70ರಲ್ಲಿ 10 ಸೀಟು ಖಾಲಿ. ಮೇ ತಿಂಗಳ ಮಧ್ಯಾಹ್ನ 2 ಗಂಟೆಗೆ ಈ ಲೆಕ್ಕ ಯಾವ ಕಂಪನಿಗೂ ಹೊಂದಲ್ಲ. ಬೆಳಿಗ್ಗೆ 7ಕ್ಕಾದರೆ ಪರವಾಗಿಲ್ಲ.

ಸರ್ವೆ_ನಂಬರ್:
ಮೇಲಿನವರು ಡಾಂಬರು ಲೆಕ್ಕ ಹೇಳಿದ್ರು, ನಾನು ಜಮೀನಿಂದು ಹೇಳ್ತೀನಿ. ರನ್‌ವೇಯ ಎರಡೂ ತುದಿಗೆ 60 ಮೀಟರ್ ಸ್ಟ್ರಿಪ್ (ರನ್‌ವೇ ಸುತ್ತ ಖಾಲಿ ಬಿಡೋ ಪಟ್ಟಿ), ಅದರಾಚೆ 240 ಮೀಟರ್ ಸುರಕ್ಷತಾ ಪ್ರದೇಶ (ಕನಿಷ್ಠ 90, ಆದರೆ ಕನಿಷ್ಠಕ್ಕೇ ಕಟ್ಟಿದರೆ ಮುಂದೆ ಜೆಟ್ ತರುವಾಗ ಪೇಚಾಟ). 1,850ಕ್ಕೆ ಇವನ್ನು ಕೂಡಿಸಿದರೆ 2,450 ಮೀಟರ್ ನೇರ ಜಾಗ ಬೇಕು. ಉಪಕರಣದ ನೆರವಿನಿಂದ ಇಳಿಯೋ ರನ್‌ವೇ ಆದರೆ ಸ್ಟ್ರಿಪ್ ಅಗಲ 280 ಮೀಟರ್. ಬರೀ ಸ್ಟ್ರಿಪ್‌ಗೇ 136 ಎಕರೆ. ಟರ್ಮಿನಲ್, ಏಪ್ರನ್ (ವಿಮಾನ ನಿಲ್ಲಿಸೋ ಜಾಗ), ಅಗ್ನಿಶಾಮಕ ಠಾಣೆ, ರಸ್ತೆ ಎಲ್ಲಾ ಬೇರೆ.

ಇದಕ್ಕಿಂತ ಕಷ್ಟ ಆಕಾಶದ್ದು. ವಿಮಾನ ಇಳಿಯೋ ದಾರಿಯಲ್ಲಿ 50 ಮೀಟರ್ ದೂರಕ್ಕೆ 1 ಮೀಟರ್ ಎತ್ತರದ ಇಳಿಜಾರು ಬಿಡಬೇಕು. ಸುತ್ತ 4 ಕಿ.ಮೀ. ವ್ಯಾಪ್ತಿಯಲ್ಲಿ 45 ಮೀಟರ್ ದಾಟಿದ್ದೆಲ್ಲ ಅಡ್ಡಿ ಅಂತಲೇ ಲೆಕ್ಕ. ಬಳ್ಳಾರಿ ಊರೊಳಗೇ ಎದ್ದು ನಿಂತಿರೋ ಬಂಡೆಗುಡ್ಡಗಳನ್ನ ನೋಡಿದೋರಿಗೆ ಇನ್ನೇನೂ ಹೇಳಬೇಕಿಲ್ಲ. ಮನೆ ಮೇಲೆ ಮನೆ ಎದ್ದಿರೋದು ಬೇರೆ. ಅದಕ್ಕೇ ಚಾಗನೂರು–ಸಿರಿವಾರ ಕಡೆ ಹೊಸ ನಿಲ್ದಾಣದ ಮಾತು ಬಂದದ್ದು. ಅಲ್ಲಿ ನೀರಾವರಿ ಜಮೀನು, ರೈತರು ವಿರೋಧಿಸಿದ್ರು. ವಿರೋಧಿಸಬೇಕಾದ್ದೇ ಅನ್ನೋದು ನನ್ನ ಅಭಿಪ್ರಾಯ. ಕಾಲುವೆ ನೀರು ಕಂಡ ಎರೆಭೂಮಿ ಮತ್ತೆ ಹುಟ್ಟಲ್ಲ.

ತುಂಗಭದ್ರಾ_ಎಡದಂಡೆ:
ಕೊಪ್ಪಳದೋರ ಕಥಿನೂ ಅಷ್ಟ ರೀ. ಗಿಣಿಗೇರಾ ಹತ್ರ ಬಸಾಪುರದಾಗ ರನ್‌ವೇ ಐತಿ, ಆದ್ರ ಖಾಸಗಿ ಕಂಪನಿದು. ಜನ ಏರೋ ವಿಮಾನ ಬರಂಗಿಲ್ಲ. ನಮಗ ತೋರಣಗಲ್ಲು, ಇಲ್ಲಾಂದ್ರ ಹುಬ್ಬಳ್ಳಿ. ತೋರಣಗಲ್ಲಿನ ಜಿಂದಾಲ್ ಉಕ್ಕಿನ ಕಾರ್ಖಾನೆದೂ ಖಾಸಗಿನ ಅಲ್ಲೇನು, ಅಲ್ಲಿ ಹೆಂಗ ನಡೀತು?

ಗಾಳಿಗುಡ್ಡ:
ಅಲ್ಲಿ ಕಾರ್ಖಾನೆಗೇ ವಿಮಾನ ಬೇಕಿತ್ತು, ಅದೇ ವ್ಯತ್ಯಾಸ. 2006ರಲ್ಲಿ ಏರ್ ಡೆಕ್ಕನ್ ಬಂತು, ನಿಂತಿತು. ಸಣ್ಣ ಊರುಗಳಿಗೂ ಕಡಿಮೆ ದರದಲ್ಲಿ ವಿಮಾನ ತರೋ ಕೇಂದ್ರದ ಉಡಾನ್ ಯೋಜನೆಯಲ್ಲಿ 2017ರಲ್ಲಿ ಟ್ರೂಜೆಟ್ ಎಟಿಆರ್ ತಂತು. 2022ರಲ್ಲಿ ಆ ಕಂಪನಿಯ ಹಾರಾಟವೇ ನಿಂತಿತು. ಆಮೇಲೆ ಅಲಯನ್ಸ್ ಏರ್, ಸ್ಟಾರ್ ಏರ್ ಬಂದವು.

ಉಡಾನ್‌ನ ಲೆಕ್ಕ ಗೊತ್ತಿದ್ದರೆ ಈ ಬರೋದು ಹೋಗೋದು ಅರ್ಥ ಆಗುತ್ತೆ. ಅರ್ಧದಷ್ಟು ಸೀಟು, ಗರಿಷ್ಠ 40, ಮಿತಿ ಹಾಕಿದ ದರಕ್ಕೆ ಮಾರಬೇಕು. ಶುರುವಿನಲ್ಲಿ ಒಂದು ಗಂಟೆ ಹಾರಾಟಕ್ಕೆ 2,500 ರೂ. ಇತ್ತು. ಆಗೋ ನಷ್ಟವನ್ನ ಸರ್ಕಾರ ತುಂಬುತ್ತೆ, 80% ಕೇಂದ್ರ, 20% ರಾಜ್ಯ. ಆದರೆ 3 ವರ್ಷ ಮಾತ್ರ. ಆಮೇಲೆ ಕಂಪನಿ ತನ್ನ ಕಾಲ ಮೇಲೆ ನಿಲ್ಲಬೇಕು. ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಬೆಂಗಳೂರಲ್ಲಿ ಇಳಿಯೋ ಊರಲ್ಲಿ ಅದು ಸುಲಭ ಅಲ್ಲ.

ಫೋಮ್_ಟೆಂಡರ್:
ಎಟಿಆರ್ ಬದಲು ಜೆಟ್ ಬಂದರೆ ರನ್‌ವೇ ಮಾತ್ರ ಅಲ್ಲ, ವಿಮಾನದ ಗಾತ್ರ ನೋಡಿ ನಿಲ್ದಾಣಕ್ಕೆ ನಿಗದಿ ಮಾಡೋ ಅಗ್ನಿಶಾಮಕ ವರ್ಗವೂ ಬದಲಾಗುತ್ತೆ. ಎಟಿಆರ್-72 ಉದ್ದ 27 ಮೀಟರ್, 5ನೇ ವರ್ಗ. ಬೆಂಕಿ ಆರಿಸೋ ನೊರೆ (ಫೋಮ್) ಬಿ ದರ್ಜೆಯದಾದರೆ 5,400 ಲೀಟರ್ ನೀರು ಸಿದ್ಧ ಇರಬೇಕು. ಸ್ಟಾರ್ ಏರ್ ಹಾರಿಸೋ ಎಂಬ್ರೇಯರ್ 175 ಜೆಟ್ ಸುಮಾರು 32 ಮೀಟರ್, 6ನೇ ವರ್ಗ, 7,900 ಲೀಟರ್. ಅತಿ ದಟ್ಟಣೆಯ ಮೂರು ತಿಂಗಳಲ್ಲಿ ವಿಮಾನ ಏರೋದು, ಇಳಿಯೋದು ಎಲ್ಲಾ ಸೇರಿ 700ಕ್ಕಿಂತ ಕಡಿಮೆ ಇದ್ದರೆ ಒಂದು ವರ್ಗ ಕೆಳಗೆ ಇರೋಕೆ ನಿಯಮದಲ್ಲಿ ಅವಕಾಶ ಇದೆ. ಸಣ್ಣ ನಿಲ್ದಾಣಗಳನ್ನ ಬದುಕಿಸೋ ನಿಯಮ ಇದು, ಆದ್ರೆ ಯಾರೂ ಮಾತಾಡಲ್ಲ.

ಕೌಲ್‌ಬಜಾರ್_ಹುಡುಗ:
ಈಗ ಅರ್ಥ ಆಯ್ತು. ಸರಿ, ಟಿಕೆಟ್ ಹುಡುಕೋದು ಹೇಗೆ?

ಸರ್ವೆ_ನಂಬರ್:
ಬಳ್ಳಾರಿ ಬೇಡ, "ವಿದ್ಯಾನಗರ" ಅಂತ ಹಾಕಿ, ತೋರಣಗಲ್ಲು ನಿಲ್ದಾಣಕ್ಕೆ ಆ್ಯಪ್‌ನಲ್ಲಿ ಅದೇ ಹೆಸರು, ಕೋಡ್ ವಿಡಿವೈ (VDY). ವೇಳಾಪಟ್ಟಿ ಸೀಸನ್‌ಗೆ ಬದಲಾಗುತ್ತೆ, ಎಲ್ಲಾ ದಿನ ವಿಮಾನ ಇರುತ್ತೆ ಅಂದ್ಕೋಬೇಡಿ; ಕಂಪನಿಯ ಸ್ವಂತ ವೆಬ್‌ಸೈಟ್‌ನಲ್ಲೇ ನೋಡಿ. ನಿಲ್ದಾಣ ಬಳ್ಳಾರಿ, ಹೊಸಪೇಟೆ ಎರಡಕ್ಕೂ ಹೆಚ್ಚುಕಡಿಮೆ 30–35 ಕಿ.ಮೀ. ಬೆಂಗಳೂರಲ್ಲಿ ಸಿಗೋ ಹಾಗೆ ಹೊರಗೆ ಕ್ಯಾಬ್ ಸಾಲು ನಿಂತಿರಲ್ಲ, ವಾಪಸ್ ಬರೋ ಗಾಡಿ ಮೊದಲೇ ಗೊತ್ತು ಮಾಡಿ. ಹೆದ್ದಾರಿಯಲ್ಲಿ ಅದಿರು ಲಾರಿ ಜಾಸ್ತಿ, ಕೌಂಟರ್ ಹೊರಡೋಕೆ 60 ನಿಮಿಷ ಮೊದಲೇ ಮುಚ್ಚುತ್ತೆ. ಮನೆಯಿಂದ ಎರಡೂವರೆ ಗಂಟೆ ಮೊದಲು ಬಿಡಿ.