ಪಶು ಪೋಷಣೆಯ ಪ್ರಯೋಗವನ್ನು ಎಲ್ಲಿಂದ ಕಲಿಯಬೇಕು? ಒಂದು ಪ್ರಶ್ನೆ, ಕೆಲವರ ಅನುಭವ

ಪ್ರಶ್ನೆ (ಬೀದರ್, ವಿದ್ಯಾರ್ಥಿನಿ):

ಪಶು ಪೋಷಣಾ ಶಾಸ್ತ್ರದಲ್ಲಿ ಸ್ನಾತಕೋತ್ತರ ವ್ಯಾಸಂಗಕ್ಕೆ ಈ ವರ್ಷ ಸೇರಿದ್ದೇನೆ. ಜೋಳದ ಕಣಕಿಯ ಜೊತೆ ತೊಗರಿ ಹೊಟ್ಟನ್ನು ಬೆರೆಸಿ ಕುರಿಮರಿಗಳಿಗೆ ಕೊಟ್ಟರೆ ಅವುಗಳ ಬೆಳವಣಿಗೆಯೂ ಮೇವಿನ ಜೀರ್ಣತೆಯೂ ಹೇಗಿರುತ್ತವೆ ಎಂದು ನೋಡುವ ಯೋಚನೆಯಿದೆ. ವಿಧಾನಗಳನ್ನು ಪುಸ್ತಕದಲ್ಲಿ ಓದಿದ್ದೇನೆ. ಆದರೆ ಎಲ್ಲಿಂದ ಕೈ ಹಚ್ಚಬೇಕೆಂಬುದು ತಿಳಿಯುತ್ತಿಲ್ಲ. ಈ ಕೆಲಸ ಮಾಡಿದ ಹಿರಿಯರು ದಯವಿಟ್ಟು ತಮ್ಮ ಅನುಭವ ತಿಳಿಸಬೇಕು.

ಉತ್ತರ (ಬೀದರ್, ನಿವೃತ್ತ ಅಧ್ಯಾಪಕರು):

ವಿಷಯ ಈ ಭಾಗಕ್ಕೆ ತಕ್ಕದ್ದೇ ಆಗಿದೆ. ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಬೇಳೆ ಮಾರುಕಟ್ಟೆಗೆ ಹೋದ ಮೇಲೆ ಉಳಿದದ್ದು ನಮ್ಮ ದನ, ಕುರಿಗಳ ಪಾಲು. ಆದರೆ ಕಣದಲ್ಲಿ ರಾಶಿ ಮಾಡುವಾಗ ಸಿಗುವ ಹೊಟ್ಟೂ ದಾಲ್ ಮಿಲ್ಲಿನಿಂದ ಬರುವ ಚುನ್ನಿಯೂ (ಬೇಳೆ ಒಡೆಯುವಾಗ ಉಳಿಯುವ ಸಿಪ್ಪೆ, ನುಚ್ಚು) ಪೋಷಕಾಂಶದಲ್ಲಿ ಒಂದೇ ಅಲ್ಲ. ನೀವು ಯಾವುದನ್ನು ಬಳಸುತ್ತೀರಿ ಎಂಬುದನ್ನು ಮೊದಲು ನಿರ್ಧರಿಸಿ, ಇಡೀ ಪ್ರಯೋಗಕ್ಕೆ ಸಾಲುವಷ್ಟನ್ನು ಒಂದೇ ಸಲ ತರಿಸಿ, ಚೆನ್ನಾಗಿ ಬೆರೆಸಿ, ಒಣಗಿದ ಜಾಗದಲ್ಲಿ ಇಟ್ಟುಕೊಳ್ಳಿ. ನಡುವೆ ಬೇರೆ ಮಿಲ್ಲಿನ ಮಾಲು ಬಂದರೆ, ಕೊನೆಗೆ ಕಾಣುವ ವ್ಯತ್ಯಾಸ ಮಾಲಿನದೋ ನಿಮ್ಮ ಪಡಿತರದ್ದೋ (ಅಂದರೆ ಮರಿಗೆ ಗೊತ್ತುಮಾಡಿದ ಮೇವಿನ ಮಿಶ್ರಣದ್ದೋ) ಎಂದು ಹೇಳಲು ಯಾರಿಂದಲೂ ಆಗುವುದಿಲ್ಲ.

ಎಲ್ಲಿಂದ ಆರಂಭಿಸಬೇಕು ಎಂದು ಕೇಳಿದ್ದೀರಿ. ಗೋದಲಿಯಿಂದ ಆರಂಭಿಸಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಹೊಸಬರು ಸಾಮಾನ್ಯವಾಗಿ ಪ್ರಯೋಗಾಲಯದ ಯಂತ್ರಗಳನ್ನು ಕಲಿಯಲು ಅವಸರಪಡುತ್ತಾರೆ. ಆದರೆ ಜೀರ್ಣತೆಯ ಪ್ರಯೋಗವೆಂದರೆ ಮೂಲದಲ್ಲಿ ಎಷ್ಟು ಒಳಗೆ ಹೋಯಿತು, ಎಷ್ಟು ಹೊರಗೆ ಬಂತು ಎಂಬ ಲೆಕ್ಕ. ಆ ಲೆಕ್ಕ ಕೊಟ್ಟಿಗೆಯಲ್ಲಿ ತಪ್ಪಿದರೆ ಎಷ್ಟೇ ಬೆಲೆಬಾಳುವ ಯಂತ್ರವಿದ್ದರೂ ಅದನ್ನು ತಿದ್ದಲಾರದು.

ಕುರಿ ಕಣಕಿಯನ್ನು ತಿನ್ನುವಾಗ ಹತ್ತಿರ ನಿಂತು ನೋಡಿ. ಅದು ಮೊದಲು ಎಲೆಯನ್ನು ಆರಿಸಿ ತಿಂದು, ದಪ್ಪ ದಂಟನ್ನು ಕೊನೆಗೆ ಬಿಡುತ್ತದೆ. ಲೆಕ್ಕಕ್ಕೆಂದು ಇಟ್ಟುಕೊಳ್ಳೋಣ: 6 ಶೇಕಡಾ ಕಚ್ಚಾ ಪ್ರೋಟೀನ್ ಇರುವ ಮೇವನ್ನು ಒಣ ಪದಾರ್ಥದ (ನೀರಿನಂಶ ಕಳೆದ) ತೂಕದಲ್ಲಿ 1000 ಗ್ರಾಂ ಹಾಕಿದಿರಿ, ಅಂದರೆ 60 ಗ್ರಾಂ ಪ್ರೋಟೀನ್ ಕೊಟ್ಟಿರಿ. ಮರುದಿನ 200 ಗ್ರಾಂ ಉಳಿಯಿತು. ಉಳಿದದ್ದೂ ಹಾಕಿದ ಮೇವಿನಂತೆಯೇ ಇದೆ ಎಂದು ಎಣಿಸಿದರೆ ಮರಿ ತಿಂದ ಪ್ರೋಟೀನ್ 48 ಗ್ರಾಂ ಆಗುತ್ತದೆ. ಆದರೆ ಉಳಿದದ್ದು ಬರೀ ದಂಟಾಗಿದ್ದು, ಅದರಲ್ಲಿ 3 ಶೇಕಡಾ ಮಾತ್ರ ಪ್ರೋಟೀನ್ ಇದ್ದರೆ, ಮರಿ ನಿಜವಾಗಿ ತಿಂದದ್ದು 54 ಗ್ರಾಂ. ಆದ್ದರಿಂದ ಪ್ರತಿ ಮರಿಯ ಉಳಿಕೆಯನ್ನು ಪ್ರತಿದಿನ ಬೇರೆಯಾಗಿಯೇ ತೂಗಬೇಕು, ಅದರ ಮಾದರಿಯನ್ನೂ ಬೇರೆಯಾಗಿಯೇ ವಿಶ್ಲೇಷಿಸಬೇಕು. ಕಣಕಿಯನ್ನು ಸಣ್ಣಗೆ ಕತ್ತರಿಸಿ ಹಾಕಿದರೆ ಆರಿಸಿ ತಿನ್ನುವುದು ಕಡಿಮೆಯಾಗುತ್ತದೆ, ಪೂರ್ಣ ನಿಲ್ಲುವುದಿಲ್ಲ.

ಹೊಸ ಮೇವಿಗೆ ರೂಮೆನ್ನಿನ (ಕುರಿಯ ಹೊಟ್ಟೆಯ ಮೊದಲ, ದೊಡ್ಡ ಭಾಗದ) ಸೂಕ್ಷ್ಮಜೀವಿಗಳು ಹೊಂದಿಕೊಳ್ಳಲು ಎರಡು ಮೂರು ವಾರ ಬೇಕಾಗುತ್ತದೆ; ಅದಕ್ಕೂ ಮೊದಲು ಹಿಕ್ಕೆ ಸಂಗ್ರಹಿಸಿದರೆ ಹಳೆಯ ಮೇವಿನ ನೆರಳು ಫಲಿತಾಂಶದಲ್ಲಿ ಉಳಿದಿರುತ್ತದೆ. ಸಂಗ್ರಹಣೆಯ ಅವಧಿಯನ್ನು ಸಾಮಾನ್ಯವಾಗಿ ಆರೇಳು ದಿನ ಇಡುತ್ತಾರೆ. ಪ್ರೋಟೀನಿನ ಲೆಕ್ಕಕ್ಕಾಗಿ ಸಾರಜನಕ ನೋಡಲು ಇಟ್ಟ ಹಿಕ್ಕೆಯ ಭಾಗಕ್ಕೂ ಮೂತ್ರಕ್ಕೂ ಸಲ್ಫ್ಯೂರಿಕ್ ಆಮ್ಲ ಬೆರೆಸಿಡುವುದನ್ನು ಮರೆಯಬೇಡಿ. ಇಲ್ಲವಾದರೆ ಅಮೋನಿಯಾ ಹಾರಿಹೋಗಿ, ಮರಿ ಸಾರಜನಕವನ್ನು ಮೈಯಲ್ಲಿ ಹೆಚ್ಚು ಉಳಿಸಿಕೊಂಡಂತೆ ಸುಳ್ಳು ಚಿತ್ರ ಬರುತ್ತದೆ.

ಉತ್ತರ (ಹುಮನಾಬಾದ್, ಪಶು ಆಹಾರ ಪ್ರಯೋಗಾಲಯದವರು):

ಸರ್ ಹೇಳಿದ ಮಾತನ್ನು ಪೂರ್ಣ ಒಪ್ಪುತ್ತೇನೆ. ಪ್ರಯೋಗಾಲಯದ ಪರವಾಗಿ ಒಂದೆರಡು ಮಾತು ಸೇರಿಸುತ್ತೇನೆ. ಮೇವಿನ ಪ್ರೋಟೀನ್ ತಿಳಿಯಲು ಬಳಸುವ ಕೆಲ್ಡಾಲ್ ವಿಧಾನ 1883ರಿಂದ ಬಳಕೆಯಲ್ಲಿದೆ. ಅದು ಅಳೆಯುವುದು ಸಾರಜನಕವನ್ನು, ಪ್ರೋಟೀನನ್ನಲ್ಲ, 6.25ರಿಂದ ಗುಣಿಸಿ ಕಚ್ಚಾ ಪ್ರೋಟೀನ್ ಎನ್ನುತ್ತೇವೆ. ಸುಮಾರು 46 ಶೇಕಡಾ ಸಾರಜನಕವಿರುವ ಯೂರಿಯಾವನ್ನು ಹೀಗೆ ಲೆಕ್ಕ ಹಾಕಿದರೆ ಪ್ರೋಟೀನ್ 287 ಶೇಕಡಾ ಎಂದು ಬರುತ್ತದೆ. ಹಿಂಡಿಯ ಮಾದರಿಯಲ್ಲಿ ಪ್ರೋಟೀನ್ ಅಸಹಜವಾಗಿ ಏರಿದ್ದರೆ ಸಂತೋಷಪಡುವ ಮೊದಲು ಯೂರಿಯಾ ಇದೆಯೇ ಎಂದು ಪರೀಕ್ಷಿಸಿ.

ನಿಮ್ಮ ಮಾದರಿಗಳಿಗೆ ಕೈ ಹಾಕುವ ಮುನ್ನ ಶುದ್ಧ ಅಮೋನಿಯಂ ಸಲ್ಫೇಟನ್ನು ಅದೇ ಉಪಕರಣದಲ್ಲಿ ನಡೆಸಿ ನೋಡಿ. ಅದರಲ್ಲಿ 21.2 ಶೇಕಡಾ ಸಾರಜನಕವಿರುತ್ತದೆ. ಆ ಅಂಕಿಯ ಹತ್ತಿರ ಬಾರದಿದ್ದರೆ ಬಟ್ಟಿ ಇಳಿಸುವಾಗ ಎಲ್ಲಿಯೋ ಸೋರುತ್ತಿದೆ ಅಥವಾ ಟೈಟ್ರೇಷನ್ನಿನ (ಆಮ್ಲವನ್ನು ಹನಿಸಿ ಅಳೆಯುವ ಹಂತದ) ಆಮ್ಲದ ಪ್ರಬಲತೆ ಸರಿಯಿಲ್ಲ ಎಂದರ್ಥ. ಇದನ್ನು ಸ್ವತಃ ಮಾಡಿದವರಿಗೆ ಮಾತ್ರ ಆಮೇಲೆ ತಮ್ಮ ಅಂಕಿಗಳ ಮೇಲೆ ವಿಶ್ವಾಸ ಹುಟ್ಟುತ್ತದೆ. ಒಣ ಪದಾರ್ಥಕ್ಕೂ ಇಷ್ಟೇ ಎಚ್ಚರ ಬೇಕು: ರಾತ್ರಿ ಕರೆಂಟ್ ಹೋಗಿ ಓವನ್ ತಣ್ಣಗಾಗಿದ್ದರೆ, ಬೆಳಿಗ್ಗೆಯ ಒಂದೇ ತೂಕವನ್ನು ನಂಬದೆ, ಎರಡು ತೂಕಗಳು ಒಂದೇ ಆಗುವವರೆಗೆ ಮತ್ತೆ ಒಣಗಿಸಿ.

ಉತ್ತರ (ಕಲಬುರಗಿ, ಪಶುವೈದ್ಯೆ, ಶರೀರಕ್ರಿಯಾ ಶಾಸ್ತ್ರದವರು):

ಪ್ರಯೋಗ ಬೇಸಿಗೆಗೆ ಬೀಳುವುದಾದರೆ ನನ್ನ ಮಾತು ಉಪಯೋಗಕ್ಕೆ ಬರಬಹುದು. ನಮ್ಮಲ್ಲಿ ಮೇ ತಿಂಗಳಿನಲ್ಲಿ ಉಷ್ಣತೆ 40 ಡಿಗ್ರಿ ದಾಟುವುದು ಸಾಮಾನ್ಯ. ಬಿಸಿಲಿಗೆ ಮರಿ ಮೇವನ್ನೇ ಕಡಿಮೆ ತಿನ್ನುತ್ತದೆ. ಆಗ ಬೆಳವಣಿಗೆ ಕುಗ್ಗಿದ್ದು ತೊಗರಿ ಹೊಟ್ಟಿನಿಂದ ಎಂದು ಬರೆದರೆ ಹೊಟ್ಟಿಗೆ ಅನ್ಯಾಯವಾಗುತ್ತದೆ. ಎಲ್ಲ ಗುಂಪುಗಳೂ ಒಂದೇ ಕಾಲದಲ್ಲಿ, ಒಂದೇ ಬಗೆಯ ನೆರಳಿನಲ್ಲಿ ಇರಬೇಕು. ಕೊಟ್ಟಿಗೆಯ ಉಷ್ಣತೆ, ತೇವಾಂಶಗಳನ್ನು ದಿನವೂ ಬರೆದಿಡಬೇಕು.

ಅಳತೆಗಳ ಅನುಕ್ರಮವೂ ಮುಖ್ಯ. ಮೊದಲು ದೂರದಲ್ಲಿ ನಿಂತು, ಪಕ್ಕೆಯ ಏರಿಳಿತ ನೋಡಿ, ಪೂರ್ಣ ಒಂದು ನಿಮಿಷ ಉಸಿರನ್ನು ಎಣಿಸಿ. ಆಮೇಲೆ ಮರಿಯನ್ನು ಹಿಡಿದು ಗುದದ ಉಷ್ಣತೆ ನೋಡಿ. ರಕ್ತವನ್ನು ಕೊನೆಗೆ ತೆಗೆಯಿರಿ. ಹಿಡಿದ ಮೇಲೆ ಎಣಿಸಿದ ಉಸಿರಿನಲ್ಲಿ ಬಿಸಿಲಿನ ಜೊತೆಗೆ ಹೆದರಿಕೆಯೂ ಸೇರಿರುತ್ತದೆ. ಮೇವು ತಿಂದ ಕೆಲವು ಗಂಟೆಗಳಲ್ಲಿ ರಕ್ತದ ಯೂರಿಯಾ ಏರುವುದರಿಂದ ಎಲ್ಲ ಮರಿಗಳ ರಕ್ತವನ್ನು ಮೇವು ಹಾಕಿ ಅಷ್ಟೇ ಹೊತ್ತಾದ ಮೇಲೆ ತೆಗೆಯಬೇಕು. ಗ್ಲೂಕೋಸಿಗೆ ಫ್ಲೋರೈಡ್ ಇರುವ ಟ್ಯೂಬನ್ನೇ ಬಳಸಿ. ಟ್ಯೂಬಿನೊಳಗೂ ರಕ್ತಕಣಗಳು ಗ್ಲೂಕೋಸನ್ನು ಬಳಸುತ್ತಲೇ ಇರುತ್ತವೆ, ನಮ್ಮ ಬಿಸಿಲಿನಲ್ಲಂತೂ ಇನ್ನೂ ವೇಗವಾಗಿ.

ಇನ್ನೊಂದು ಮಾತು. ಸಂಸ್ಥೆಯ ಪ್ರಾಣಿ ನೈತಿಕತಾ ಸಮಿತಿಯ ಅನುಮತಿಯನ್ನು ಮರಿಗಳನ್ನು ತರುವ ಮೊದಲೇ ಪಡೆಯಬೇಕು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಅಡಿಯಲ್ಲಿ ಈ ವ್ಯವಸ್ಥೆಯಿದೆ. ಅರ್ಜಿಯಲ್ಲಿ ಇಷ್ಟೇ ಪ್ರಾಣಿಗಳು ಏಕೆ ಬೇಕು ಎಂಬುದಕ್ಕೆ ಕಾರಣ ಬರೆಯಬೇಕಾಗುತ್ತದೆ. ಅದನ್ನು ಕಾಗದದ ಕೆಲಸವೆಂದು ತಿಳಿಯಬೇಡಿ; ನಿಮ್ಮ ಪ್ರಯೋಗದ ವಿನ್ಯಾಸ ಸ್ಪಷ್ಟವಾಗುವುದು ಆ ಉತ್ತರವನ್ನು ಬರೆಯುವಾಗಲೇ.

ಮರುಪ್ರಶ್ನೆ (ವಿದ್ಯಾರ್ಥಿನಿ):

ಎಲ್ಲರಿಗೂ ಕೃತಜ್ಞತೆಗಳು. ಮೇಡಂ, ನನಗೆ 24 ಮರಿಗಳು ಸಿಗುತ್ತವೆ. ಎರಡು ಪಡಿತರ, ನಾಲ್ಕು ಅಂಕಣ, ಅಂಕಣಕ್ಕೆ ಆರು ಮರಿಗಳಂತೆ ಬಿಡಬೇಕೆಂದಿದ್ದೇನೆ. ಪಡಿತರಕ್ಕೆ 12 ಮರಿಗಳಾದರೆ ಸಾಕಲ್ಲವೇ?

ಉತ್ತರ (ಕಲಬುರಗಿ, ಪಶುವೈದ್ಯೆ):

ಹಾಗೆ ಬಿಟ್ಟರೆ ಪಡಿತರಕ್ಕೆ 12 ಅಲ್ಲ, ಎರಡೇ. ಆರು ಮರಿಗಳು ಒಂದೇ ಗೋದಲಿಯಲ್ಲಿ ತಿಂದರೆ ಯಾವ ಮರಿ ಎಷ್ಟು ತಿಂದಿತು ಎಂಬುದು ನಿಮಗೆ ತಿಳಿಯುವುದಿಲ್ಲ; ಪಡಿತರವನ್ನು ನೀವು ಹಂಚಿದ್ದು ಅಂಕಣಕ್ಕೆ, ಆದ್ದರಿಂದ ಅಂಕಣವೇ ಪ್ರಯೋಗದ ಘಟಕ. ಮರಿಗಳನ್ನು ಬೇರೆ ಬೇರೆ ಕಟ್ಟಿ, ಒಂದೊಂದಕ್ಕೂ ಬೇರೆ ಗೋದಲಿ ಇಟ್ಟರೆ ಮಾತ್ರ ಪ್ರತಿ ಮರಿಯನ್ನೂ ಒಂದು ಘಟಕವಾಗಿ ಎಣಿಸಬಹುದು. ಆಗಲೂ ಮೊದಲು ತೂಕ ನೋಡಿ, ಹತ್ತಿರದ ತೂಕದ ಮರಿಗಳನ್ನು ಜೋಡಿ ಮಾಡಿ, ಜೋಡಿಯೊಳಗೆ ಯಾವುದಕ್ಕೆ ಯಾವ ಪಡಿತರ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿ. ಹಿಡಿಯಲು ಸುಲಭವಾಗಿ ಸಿಕ್ಕ ಮರಿಗಳನ್ನೆಲ್ಲ ಮೊದಲ ಗುಂಪಿಗೆ ಹಾಕುವ ರೂಢಿ ಕೆಲವೆಡೆ ಇದೆ. ಸುಲಭವಾಗಿ ಸಿಗುವುದು ಹೆಚ್ಚಾಗಿ ಬಡಕಲು ಮರಿಯೇ ಆಗಿರುತ್ತದೆ.

ಉತ್ತರ (ಯಾದಗಿರಿ, ಪಶು ವೈದ್ಯಾಧಿಕಾರಿ):

ಪ್ರಯೋಗದ ಮುಂದಿನ ಹಂತವಾಗಿ ಕುರಿಗಾರರ ಹಟ್ಟಿಯಲ್ಲಿಯೂ ಇದನ್ನು ನೋಡುವ ಆಸೆಯಿದ್ದರೆ ಈ ಕಡೆಗೆ ಬನ್ನಿ. ಮೇಯಲು ಹೊರಗೆ ಹೋಗುವ ಕುರಿ ಎಷ್ಟು ತಿಂದಿತು ಎಂದು ತೂಗಲು ಬರುವುದಿಲ್ಲವಾದ್ದರಿಂದ ಅಲ್ಲಿ ಜೀರ್ಣತೆಗೆ ಕೈ ಹಾಕದೆ, ಸಂಜೆ ಹಟ್ಟಿಯಲ್ಲಿ ಕೊಡುವ ಹೊಟ್ಟು ಮತ್ತು ಮರಿಯ ತೂಕ, ಇವೆರಡನ್ನೇ ಹಿಡಿಯಿರಿ. ತೂಕವನ್ನು ಬೆಳಿಗ್ಗೆ ಮೇಯಲು ಬಿಡುವ ಮುನ್ನ, ನೀರು ಕುಡಿಸುವ ಮೊದಲೇ ನೋಡಬೇಕು. ಹೊಟ್ಟೆ ತುಂಬಿದ ಮರಿಯ ತೂಕದಲ್ಲಿ ಒಂದೆರಡು ಕಿಲೋ ವ್ಯತ್ಯಾಸ ಸಹಜ, ಅಷ್ಟು ಬೆಳೆಯಲು ಅದಕ್ಕೆ ವಾರಗಳೇ ಬೇಕು. ಜಂತುಹುಳುವಿನ ಔಷಧಿಯನ್ನು ಎರಡೂ ಗುಂಪಿಗೆ ಆರಂಭದಲ್ಲಿಯೇ ಕುಡಿಸಿ. ಕುರಿಗಾರರಿಗೆ ಒಂದು ಗುಂಪಿಗೆ ಮಾತ್ರ ಹೊಟ್ಟು ಏಕೆ ಎಂಬುದನ್ನು ಮೊದಲೇ ತಿಳಿಸಿ ಹೇಳಿರಿ. ಹೇಳದಿದ್ದರೆ, ಮರಿಯ ಮೇಲಿನ ಪ್ರೀತಿಯಿಂದ, ಅವರು ಇನ್ನೊಂದು ಗುಂಪಿಗೂ ಹಾಕಿಬಿಡುತ್ತಾರೆ.