ಅನ್‌ಮ್ಯಾಪ್ ಮಾಡ್ದಾಗ ಕರ್ನಲ್ ಬೀಳ್ತಿದೆ, ಅನುಭವ ಇರೋರು ಹೇಳಿ

ಹಾಸನ, ಫೈನಲ್ ಇಯರ್. ಪ್ರಾಜೆಕ್ಟಿಗೆ ಎಕ್ಸ್‌ವಿ6 ಕರ್ನಲ್‌ಗೆ (ಓಎಸ್ ಕಲಿಸೋಕೆ ಅಂತ ಬರೆದ ಪುಟ್ಟ ಕರ್ನಲ್, ರಿಸ್ಕ್-ಫೈವ್ ಪ್ರೊಸೆಸರ್‌ದು) ಎಂಮ್ಯಾಪ್ (ಫೈಲನ್ನೋ ಮೆಮೊರಿನೋ ಪ್ರೋಗ್ರಾಮಿನ ಅಡ್ರೆಸ್‌ಗಳಿಗೆ ಜೋಡಿಸೋ ಕಾಲ್) ಸೇರಿಸ್ತಿದೀನಿ. ಮ್ಯಾಪ್ ಆಗೋದೇನೋ ಸಲೀಸಾಗಿ ಆಗುತ್ತೆ, ತೆಗೆಯೋವಾಗ ಕೈ ಕೊಡುತ್ತೆ. ಒಂದ್ಸಲ 'ಯುವಿಎಂಅನ್‌ಮ್ಯಾಪ್: ನಾಟ್ ಮ್ಯಾಪ್ಡ್' ಅಂತ ಪ್ಯಾನಿಕ್ (ಕರ್ನಲ್ಲೇ ನಿಂತೋಗುತ್ತೆ), ಇನ್ನೊಂದ್ಸಲ ಫೋರ್ಕ್ ಮಾಡಿದ (ಅಂದ್ರೆ ಪ್ರೋಸೆಸ್ಸನ್ನ ನಕಲು ಮಾಡಿದ) ಚೈಲ್ಡ್ ಮುಗೀತಿದ್ದಂಗೆ ಪೇರೆಂಟ್ ಹತ್ರ ಇರೋ ಶೇರ್ಡ್ ಪೇಜ್ (ಇಬ್ರೂ ಹಂಚ್ಕೊಂಡಿರೋ ಮೆಮೊರಿ ತುಂಡು) ತುಂಬ ಬರೀ 01 01 01. ಮುಂದಿನ ವಾರ ಗೈಡ್‌ಗೆ ತೋರಿಸ್ಬೇಕು, ಯಾರಾದ್ರೂ ಹೇಳಿ.

*

ಆ 01 ಕಂಡಿದ್ದೇ ಪುಣ್ಯ ಕಣಪ್ಪ. ಎಕ್ಸ್‌ವಿ6 ಪೇಜನ್ನ ಫ್ರೀ ಮಾಡೋವಾಗ 4096 ಬೈಟಿಗೂ 1 ತುಂಬುತ್ತೆ, ಹೊಸದಾಗಿ ಕೊಡೋವಾಗ 5 ತುಂಬುತ್ತೆ, ಇಂಥ ತಪ್ಪು ಎದ್ದು ಕಾಣ್ಲಿ ಅಂತಾನೇ. ಪೇಜಿನ ಮೊದಲ ಎಂಟು ಬೈಟ್ ನೋಡು, ಅಲ್ಲಿ 01 ಇರಲ್ಲ, ಫ್ರೀ ಲಿಸ್ಟಲ್ಲಿ ಮುಂದಿನ ಪೇಜಿನ ಅಡ್ರೆಸ್ ಇರುತ್ತೆ. ಇದ್ರೆ ಮುಗೀತು, ಚೈಲ್ಡ್ ಹೋಗೋವಾಗ ಆ ಪೇಜನ್ನ ಫ್ರೀ ಮಾಡ್ಬಿಟ್ಟಿದೆ, ಪೇರೆಂಟಿಗೆ ಗೊತ್ತೇ ಇಲ್ಲ. ಆಮೇಲೆ ಪೇರೆಂಟೂ ಹೋಗ್ತಾ ಅದನ್ನೇ ಇನ್ನೊಂದ್ಸಲ ಫ್ರೀ ಮಾಡುತ್ತೆ, ಆಗ ಒಂದೇ ಪೇಜ್ ಇಬ್ರಿಗೆ ಸಿಗೋ ಕಾಲ ಬರುತ್ತೆ. ಒಂದೊಂದು ಫಿಸಿಕಲ್ ಪೇಜಿಗೂ ಎಷ್ಟು ಜನ ಇಟ್ಕೊಂಡಿದಾರೆ ಅಂತ ಒಂದು ಕೌಂಟ್ ಇಡು, ಲಾಕ್ ಒಳಗೆ, ಸೊನ್ನೆ ಆದ್ರೆ ಮಾತ್ರ ಫ್ರೀ.

ನಾಟ್ ಮ್ಯಾಪ್ಡ್ ಅನ್ನೋದು ಸಣ್ಣದು. ಮುಟ್ಟಿದಾಗ ಮಾತ್ರ ಪೇಜ್ ಕೊಡ್ತಿದೀಯ ತಾನೆ? ಮುಟ್ಟದೇ ಇರೋ ಪೇಜಿಗೆ ಪೇಜ್ ಟೇಬಲಲ್ಲಿ (ಯಾವ ಅಡ್ರೆಸ್ಸಿಗೆ ಯಾವ ಫಿಸಿಕಲ್ ಪೇಜ್ ಅನ್ನೋ ಪಟ್ಟಿ) ಎಂಟ್ರಿನೇ ಇರಲ್ಲ, ಅದನ್ನ ದಾಟ್ಕೊಂಡು ಹೋಗು. ಹಾಗಂತ ಆ ಪ್ಯಾನಿಕ್ ಲೈನನ್ನೇ ಕಾಮೆಂಟ್ ಮಾಡ್ಬೇಡ, ನಮ್ ಹುಡುಗ್ರು ಅರ್ಧ ಜನ ಮಾಡೋದು ಅದೇ.

*

ಚಿಕ್ಕಮಗಳೂರು, ಆಲ್ದೂರು ಕಡೆಯಿಂದ. ಇದೇ ತಪ್ಪನ್ನ ನಾನು ಸಂಬಳ ತಗೊಂಡು ಮಾಡಿದೀನಿ, ಲಿನಕ್ಸ್ ಡ್ರೈವರಲ್ಲಿ. ರೀಮ್ಯಾಪ್ ಪಿಎಫ್‌ಎನ್ ರೇಂಜ್ (ಫಿಸಿಕಲ್ ಪೇಜನ್ನ ನೇರ ಯೂಸರ್ ಅಡ್ರೆಸ್ಸಿಗೆ ಜೋಡಿಸೋ ಫಂಕ್ಷನ್) ಹಾಕಿ ಬಫರನ್ನ ಯೂಸರಿಗೆ ಕೊಟ್ಟಿದ್ದೆ, ಅದು ಪೇಜಿನ ಕೌಂಟ್ ಏರಿಸಲ್ಲ, ಅದಕ್ಕೆ ನಾನೇ ಒಂದು ಲೆಕ್ಕ ಇಟ್ಕೊಂಡೆ, ಎಂಮ್ಯಾಪ್ ಆದಾಗ ಒಂದು ಕೂಡು, ಕ್ಲೋಸ್ ಬಂದಾಗ ಒಂದು ಕಳಿ. ಆದ್ರೆ ಫೋರ್ಕ್ ಆದಾಗ ಕರ್ನಲ್ ಡ್ರೈವರಿನ ಎಂಮ್ಯಾಪ್ ಕರೆಯಲ್ಲ, ಮ್ಯಾಪಿಂಗಿನ ಓಪನ್ ಕರೆಯುತ್ತೆ, ನಾನು ಓಪನ್ ಬರೆದೇ ಇರ್ಲಿಲ್ಲ. ಚೈಲ್ಡ್ ಹೋದ ತಕ್ಷಣ ಲೆಕ್ಕ ಸೊನ್ನೆ, ಬಫರ್ ಫ್ರೀ, ಪೇರೆಂಟ್ ಮಾತ್ರ ಅದ್ರಲ್ಲೇ ಬರೀತಾ ಕೂತಿದೆ. ಕಾಸಾನ್ (ಕರ್ನಲ್ಲಿನ ಮೆಮೊರಿ ತಪ್ಪು ಹಿಡಿಯೋ ಟೂಲ್) ಹಾಕ್ಕೊಂಡು ಮೂರು ದಿನ ಕಾದೆ, ತುಟಿಪಿಟಿಕ್ ಅನ್ಲಿಲ್ಲ, ಯಾಕಂದ್ರೆ ಅದು ನೋಡೋದು ಕರ್ನಲ್ ಕೋಡನ್ನ, ಇಲ್ಲಿ ಬರೀತಿದ್ದದ್ದು ಯೂಸರ್ ಪ್ರೋಗ್ರಾಮು, ಹಳೇ ಪೇಜ್ ಟೇಬಲ್ ಎಂಟ್ರಿ ಹಿಡ್ಕೊಂಡು. ಕೊನೆಗೆ ಪೇಜ್ ಪಾಯ್ಸನಿಂಗ್ (ಫ್ರೀ ಆದ ಪೇಜಿಗೆ ಗುರುತಿನ ಬೈಟ್ ತುಂಬೋದು) ಆನ್ ಮಾಡಿ ಬೂಟ್ ಮಾಡ್ದೆ, ಫ್ರೀ ಆದ ಪೇಜಿನ ಎಎ ಎಎ ಎಎ ಸಾಲಿನ ಮಧ್ಯೆ ನಮ್ಮದೇ ಪ್ಯಾಕೆಟ್ ಹೆಡರ್ ಕೂತಿತ್ತು.

ಇನ್ನೊಂದು, ಎಕ್ಸ್‌ವಿ6 ನಿಂಗೆ ಒಂದು ಕೆಟ್ಟ ಅಭ್ಯಾಸ ಕಲಿಸುತ್ತೆ. ಅದು ಯೂಸರ್ ಕಡೆಗೆ ವಾಪಸ್ ಹೋಗೋವಾಗೆಲ್ಲ ಟಿಎಲ್‌ಬಿ (ಪೇಜ್ ಟೇಬಲ್ ಎಂಟ್ರಿಗಳನ್ನ ಕೋರ್ ತನ್ನ ಹತ್ರ ಇಟ್ಕೊಳ್ಳೋ ಕ್ಯಾಶ್) ಒರೆಸಿಬಿಡುತ್ತೆ, ಪ್ರೋಸೆಸ್‌ಗೆ ಥ್ರೆಡ್ಡೂ ಒಂದೇ, ಹಾಗಾಗಿ ಈ ತಲೆನೋವು ಕಾಣೋದೇ ಇಲ್ಲ. ಮಲ್ಟಿಕೋರಲ್ಲಿ ಥ್ರೆಡ್ ಬಂದ್ರೆ ನಮ್ಮ ಕಾಫಿ ತೋಟದ ಕಥೆನೇ. ಮೇಲಿನ ಬ್ಲಾಕ್ ಮಾರಾಯ್ತು ಅಂತ ರೈಟ್ರು ಬುಕ್ಕಲ್ಲಿ ಹೊಡೆದು ಹಾಕಿದ್ರೆ ಸಾಕಾ? ನಾಲ್ಕು ಮೇಸ್ತ್ರಿಗಳಿಗೂ ಹೇಳ್ದೆ ಇದ್ರೆ ಬೆಳಿಗ್ಗೆ ಆಳು ಕರ್ಕೊಂಡು ಅಲ್ಲೇ ಹಣ್ಣು ಕುಯ್ಸ್ತಾರೆ. ಎಂಟ್ರಿ ತೆಗಿ, ಎಲ್ಲಾ ಕೋರಿನ ಟಿಎಲ್‌ಬಿ ಒರೆಸು, ಅವೆಲ್ಲ ಹ್ಞೂಂ ಅಂದ್ಮೇಲೆ ಪೇಜ್ ಬಿಡು. ಈ ಕ್ರಮ ತಪ್ಪಿದ್ರೆ ಬೇರೆಯವ್ರ ತೋಟದ ಕಾಫಿ.

*

ನಾನೂ ಹಾಸನದವಳೇ, ಲಾಕ್ ಬಗ್ಗೆ ಎರಡು ಮಾತು. ಲಿನಕ್ಸಲ್ಲಿ ಡ್ರೈವರಿನ ಎಂಮ್ಯಾಪ್ ಓಡೋವಾಗ ಎಂಮ್ಯಾಪ್ ಲಾಕ್ (ಪ್ರೋಸೆಸ್ಸಿನ ಮ್ಯಾಪಿಂಗ್‌ಗಳನ್ನ ಕಾಯೋ ಲಾಕ್) ಆಗ್ಲೇ ಹಿಡಿದಿರುತ್ತೆ (5.8ಕ್ಕಿಂತ ಹಳೇ ಕೋಡಲ್ಲಿ ಇದೇ ಎಂಮ್ಯಾಪ್ ಸೆಮ್), ಅದ್ರೊಳಗೆ ನಿಮ್ಮ ಮ್ಯೂಟೆಕ್ಸ್ (ಡ್ರೈವರಿನ ಸ್ವಂತ ಲಾಕ್) ತಗೋತೀರಿ. ರೀಡಲ್ಲಿ ಅದೇ ಮ್ಯೂಟೆಕ್ಸ್ ಹಿಡಿದು ಕಾಪಿ ಟು ಯೂಸರ್ ಕರೆದ್ರೆ, ಅಲ್ಲಿ ಪೇಜ್ ಫಾಲ್ಟ್ (ಇನ್ನೂ ಪೇಜ್ ಇಲ್ಲದ ಅಡ್ರೆಸ್ ಮುಟ್ಟೋದು) ಆದಾಗ ಎಂಮ್ಯಾಪ್ ಲಾಕ್ ಬೇಕು. ಇಬ್ರೂ ಒಬ್ರನ್ನೊಬ್ರು ಕಾಯ್ತಾ ಕೂರ್ತಾರೆ. ಲಾಕ್‌ಡೆಪ್ (ಲಾಕ್ ಹಿಡಿಯೋ ಕ್ರಮ ಪರೀಕ್ಷಿಸೋ ಕರ್ನಲ್ ಟೂಲ್) ಆನ್ ಮಾಡ್ಕೊಂಡೇ ಟೆಸ್ಟ್ ಮಾಡಿ, ನಿಜವಾಗ್ಲೂ ಹ್ಯಾಂಗ್ ಆಗ್ದಿದ್ರೂ ಬೈಯುತ್ತೆ. ದೊಡ್ಡವ್ರೂ ಇದ್ರಲ್ಲಿ ಎಡವಿದಾರೆ, 2023ರ ಸ್ಟ್ಯಾಕ್‌ರಾಟ್ (ಲಿನಕ್ಸ್ ಕರ್ನಲ್ಲಿನ ಒಂದು ಸೆಕ್ಯುರಿಟಿ ದೋಷ) ರೀಡ್ ಲಾಕ್ ಅಷ್ಟೇ ಹಿಡಿದು ಸ್ಟ್ಯಾಕ್ ಬೆಳೆಸಿದ್ದರಿಂದ ಆದದ್ದು.

ಎಂಮ್ಯಾಪಿನ ಆಫ್‌ಸೆಟ್ (ಬಫರಲ್ಲಿ ಎಲ್ಲಿಂದ ಶುರು ಅನ್ನೋದು) ಚೆಕ್ಕಲ್ಲಿ ಅದಕ್ಕೆ ಉದ್ದ ಕೂಡ್ಬೇಡಿ, ಕೂಡಿದ್ರೆ ಓವರ್‌ಫ್ಲೋ ಆಗಿ ಸಣ್ಣ ನಂಬರ್ ಬಂದು ಪಾಸ್ ಆಗ್ಬಿಡುತ್ತೆ. ಆಫ್‌ಸೆಟ್ ಬಫರ್ ಒಳಗಿದೆಯಾ ಅಂತ ಮೊದ್ಲು ನೋಡಿ, ಆಮೇಲೆ ಒಟ್ಟಿನಿಂದ ಕಳೆದು ಉಳಿದದ್ದಕ್ಕೆ ಉದ್ದ ಹೋಲಿಸಿ.

*

ಸರ್, ಅಣ್ಣ, ಅಕ್ಕ, ಥ್ಯಾಂಕ್ಸ್. ಮೊದಲ ಎಂಟು ಬೈಟ್ ಅಡ್ರೆಸ್ಸೇ ಇತ್ತು. ಕೌಂಟ್ ಹಾಕ್ದೆ, 01 ಹೋಯ್ತು. ಈಗ ಫೋರ್ಕ್ ಅರ್ಧದಲ್ಲಿ ಫೇಲ್ ಆದ್ರೆ ಅಲ್ಲಿ ತನಕ ಏರಿಸಿದ ಕೌಂಟ್ ಇಳಿಸೋದು ಮರ್ತಿದೀನಿ ಅಂತ ಗೊತ್ತಾಯ್ತು, ಫ್ರೀ ಪೇಜ್ ಕಮ್ಮಿ ಆಗ್ತಾನೇ ಇದೆ, ಇವತ್ತು ರಾತ್ರಿ ಅದ್ರ ಹಿಂದೆ ಬಿದ್ದಿದೀನಿ.