ಅಳಿಯನ ರೈಫಲ್, ಭಾವನ ಕೋವಿ

ಹಲೋ... ರೆಕಾರ್ಡ್ ಆಗ್ತಾ ಉಂಟಾ? ಹಾಂ, ಆಗ್ತಾ ಉಂಟು. ಭಾವ, ನಿಮ್ಮ ಮೆಸೇಜ್ ಈಗ ನೋಡಿದ್ದು. ಬೆಳಿಗ್ಗೆಯಿಂದ ಅಡಿಕೆ ಸುಲಿಯುವವರು ಇದ್ರು, ಕಾರ್ಕಳ ಪೇಟೆಗೂ ಒಂದು ಸಲ ಹೋಗಿ ಬಂದೆ. ಟೈಪ್ ಮಾಡ್ಲಿಕ್ಕೆ ಕನ್ನಡಕ ಹುಡುಕಬೇಕು, ಅದಕ್ಕೆ ಬಾಯಲ್ಲೇ ಹೇಳ್ತೇನೆ. ಉದ್ದ ಆಯ್ತು ಅಂತ ಮಕ್ಕಳು ಬೈಯುದು ಬೇಡ.

ನೀವು ಕೇಳಿದ್ದು ಎರಡು. ಆದಿತ್ಯವಾರ ಬೆಳಿಗ್ಗೆ ಎರಡು ಗಂಟೆ ಹೊತ್ತು ನನ್ನ ಫೋನ್ ಬಿಝಿ ಇದ್ದದ್ದು ಯಾಕೆ ಅಂತ ಒಂದು. ಇಲೆಕ್ಷನ್ ಅಂತ ಪೊಲೀಸ್ ಸ್ಟೇಷನ್‌ನಲ್ಲಿ ಇಟ್ಟು, ಮುಗಿದ ಮೇಲೆ ಬಿಡಿಸಿ ತಂದ ಜೋಡುನಳಿಗೆ ಕೋವಿಯಲ್ಲಿ ತುಕ್ಕಿನ ಚುಕ್ಕೆ ಉಂಟು, ಪೂರಾ ಬಿಚ್ಚಿ ಕ್ಲೀನ್ ಮಾಡ್ಲಾ ಅಂತ ಇನ್ನೊಂದು. ಮೊದಲನೇದು ಹೇಳಿದ್ರೆ ಎರಡನೇದಕ್ಕೆ ಅರ್ಧ ಉತ್ತರ ಸಿಕ್ತದೆ.

ಅಳಿಯ ಅಮೆರಿಕದ ಮೊಂಟಾನದಲ್ಲಿ ಹಳೆ ರೈಫಲ್ ಒಂದು ತಗೊಂಡಿದ್ದಾನೆ. ಮಾರ್ಲಿನ್ 336. ಆ ಮಾಡೆಲ್ 1948ರಿಂದ ಬರ್ತಾ ಉಂಟಂತೆ. ಟ್ರಿಗರಿನ ಸುತ್ತ ಕಬ್ಬಿಣದ ಬಳೆ ಇರ್ತದಲ್ಲ, ಅದನ್ನೇ ಕೆಳಗೆ ತಳ್ಳಿ ಮೇಲೆ ಎಳೆಯುದು. ಅಷ್ಟರಲ್ಲಿ ಖಾಲಿ ತೋಟೆ ಬಲಬದಿಗೆ ಹಾರ್ತದೆ, ಹೊಸದು ನಳಿಗೆಗೆ ಹೋಗ್ತದೆ, ಹಿಂದೆ ಬಡಿಯುವ ಸುತ್ತಿಗೆ, ಕುದುರೆ ಅಂತೇವಲ್ಲ, ಅದೂ ಏಳ್ತದೆ. ಲಿವರ್ ಆಕ್ಷನ್ ಅಂತಾರೆ. ನಮಗೆ ಆದಿತ್ಯವಾರ ಬೆಳಿಗ್ಗೆ ಎಂಟು, ಅವರಿಗೆ ಶನಿವಾರ ರಾತ್ರಿ ಎಂಟೂವರೆ. "ಮಾವ, ಇವತ್ತು ಫಸ್ಟ್ ಟೈಮ್ ಬಿಚ್ತಾ ಇದ್ದೇನೆ, ನೀವು ನೋಡ್ತಾ ಇರಿ" ಅಂತ ವಿಡಿಯೋ ಕಾಲ್ ಮಾಡಿದ. ನಾನು ಇಲ್ಲಿ ಜಗಲಿಯಲ್ಲಿ ಚಾ ಹಿಡ್ಕೊಂಡು ಕೂತು ಬಾಯಲ್ಲೇ ರಿಪೇರಿ.

ಖಾಲಿ ಉಂಟಾ ನೋಡು ಅಂದೆ. ಉಂಟು ಅಂದ. ಹೇಗೆ ನೋಡಿದೆ ಕೇಳಿದ್ರೆ, ನಳಿಗೆಯ ಬುಡ ನೋಡಿದ್ದಾನೆ ಅಷ್ಟೇ. ಮಾರಾಯ, ನಮ್ಮ ಕೋವಿ ಮಡಚಿದ್ರೆ ಎರಡು ತೂತೂ ಎದುರಿಗೆ ಕಾಣ್ತದೆ, ಅಡಗಲಿಕ್ಕೆ ಜಾಗ ಇಲ್ಲ. ಇದರಲ್ಲಿ ತೋಟೆಗಳು ನಳಿಗೆಯ ಅಡಿಯಲ್ಲಿ ಇನ್ನೊಂದು ಕೊಳವೆಯಲ್ಲಿ ಒಂದರ ಹಿಂದೆ ಒಂದು ಮಲಗಿರ್ತವೆ. ಹಾಗೆ ಇರುದರಿಂದಲೇ ಚೂಪು ಮೂತಿಯ ಸೀಸದ ಗುಂಡು ಇದಕ್ಕೆ ಆಗ್ಲಿಕ್ಕಿಲ್ಲ. ಹಿಂದಿನದರ ಮೂತಿ ಮುಂದಿನದರ ಬುಡದ ಕೇಪಿಗೆ, ಪೆಟ್ಟು ಬಿದ್ರೆ ಸಿಡಿಯುವ ಜಾಗಕ್ಕೆ, ತಾಗಿಕೊಂಡು ಇರ್ತದೆ, ಕುಲುಕಿದ್ರೆ ಕಥೆ ಮುಗೀತು. ಲಿವರನ್ನು ಏಳೆಂಟು ಸಲ ಆಡಿಸು, ಕಡೆಗೆ ಕಿರುಬೆರಳು ಹಾಕಿ ಮುಟ್ಟಿ ನೋಡು ಅಂದೆ. ಮುಟ್ಟಿದ. ಖಾಲಿಯೇ ಇತ್ತು. ಆದ್ರೂ ಸರಿ, ತೋಟೆಯ ಪೆಟ್ಟಿಗೆಯನ್ನು ಬೇರೆ ಕೋಣೆಗೆ ಕಳಿಸಿದೆ. ಮಗಳು ತಗೊಂಡು ಹೋದಳು, ಮೋರೆ ಮಾತ್ರ ಸಣ್ಣ ಆಗಿತ್ತು. ಊಟದ ಮೇಜಲ್ವಾ!

ಇನ್ನು ಬಿಚ್ಚುದು. ನಾನು ಹೆದರಿದ್ದಷ್ಟು ಇಲ್ಲವೇ ಇಲ್ಲ. ಲಿವರನ್ನು ಅರ್ಧ ತೆರೆದು, ಅದರ ಬುಡದ ಒಂದೇ ಒಂದು ಸ್ಕ್ರೂ ತೆಗೆದ. ಲಿವರ್ ಕೈಗೆ ಬಂತು. ಬೋಲ್ಟು, ಅಂದ್ರೆ ನಳಿಗೆಯ ಬುಡ ಮುಚ್ಚುವ ಕಬ್ಬಿಣದ ತುಂಡು, ಹಿಂದಿನಿಂದ ಜಾರಿ ಬಂತು. ಆ ಸ್ಕ್ರೂವಿಗೂ ಮೊದಲು ಮನೆಯ ಸ್ಕ್ರೂಡ್ರೈವರ್ ಹಿಡಿದಿದ್ದ, ನಾನೇ ನಿಲ್ಲಿಸಿದ್ದು. ಅದರ ತುದಿ ಬೆಣೆಯ ಹಾಗೆ ಇರ್ತದೆ, ಸ್ಕ್ರೂವಿನ ಗೀರಿಗೆ ಸರಿ ಕೂರುದಿಲ್ಲ, ಜಾರಿದ್ರೆ ಗೀರಿನ ಅಂಚು ಎದ್ದು ಬರ್ತದೆ. ಗೀರಿನ ಅಗಲಕ್ಕೆ ಸರಿಯಾಗಿ ಕೂರುವ ತುದಿಯೇ ಬೇಕು. ನಮ್ಮ ಅಪ್ಪನ ಕೋವಿಯ ಸ್ಕ್ರೂಗಳು ಹಾಗೆ ಹಾಳಾದದ್ದು ನಿಮಗೆ ಗೊತ್ತುಂಟು. ಯಾರು ಮಾಡಿದ್ದು ಅಂತ ಈಗ ಕೇಳ್ಬೇಡಿ.

ಬೋಲ್ಟು ಬಂದದ್ದೇ 'ಟಿಣ್' ಅಂತ ಶಬ್ದ. ಎಂತದೋ ಬಿತ್ತು. ಅಡಿಗೆ ಬೈರಾಸು, ಟವೆಲು, ಹಾಸು ಅಂತ ಮೊದಲೇ ಹೇಳಿದ್ದೆ, ಹಾಸ್ಲಿಲ್ಲ. ಹತ್ತು ನಿಮಿಷ ಇಬ್ಬರೂ ಮೇಜಿನಡಿಯಲ್ಲಿ, ನನಗೆ ಫೋನಲ್ಲಿ ಕುರ್ಚಿಯ ಕಾಲು ಮಾತ್ರ ಕಾಣ್ತಿತ್ತು. ಸಿಕ್ಕಿತು: ಉದ್ದ, ತೆಳ್ಳಗೆ, ಸ್ಪ್ರಿಂಗ್ ಪಟ್ಟಿ ಇದ್ದ ಒಂದು ಚೂರು. ನಾನು ದೊಡ್ಡ ಜನ ಆಗಿ "ಅದು ಮೊದಲೇ ಮುರಿದದ್ದು, ಹಳೆ ಮಾಲು ತಗೊಂಡ್ರೆ ಹಾಗೆಯೇ" ಅಂದೆ. ಮಗಳು ಪುಸ್ತಕ ಓದಿ ಹೇಳಿದಳು, ಅಪ್ಪಾ ಮುರಿದದ್ದಲ್ಲ, ಅದು ಎಜೆಕ್ಟರ್, ಬೋಲ್ಟು ತೆಗೆದ್ರೆ ಹಿಡಿದುಕೊಳ್ಳುವವರು ಇಲ್ಲದೆ ತಾನಾಗಿ ಬೀಳ್ತದೆ ಅಂತ. ಖಾಲಿ ತೋಟೆಯನ್ನು ಹೊರಗೆ ಚಿಮ್ಮಿಸುದೇ ಅದು. ನನ್ನ ನಲ್ವತ್ತು ವರ್ಷದ ಅನುಭವ ಅಲ್ಲಿಗೆ ಸರ್ವಿಸಿಗೆ ಹೋಯ್ತು.

ಬೋಲ್ಟು ಹೊರಗೆ ಬಂದದ್ದರಿಂದ ಒಂದು ಲಾಭ: ನಳಿಗೆ ಉಜ್ಜುವ ಗಜ ಕಡ್ಡಿಯನ್ನು ತೋಟೆ ಹೋಗುವ ಬದಿಯಿಂದಲೇ ಹಾಕ್ಬಹುದು. ನಾನು ಅಭ್ಯಾಸದಲ್ಲಿ ನಳಿಗೆಯ ಬಾಯಿಯಿಂದ, ಗುಂಡು ಹೊರಡುವ ಬದಿಯಿಂದ, ಹಾಕು ಅಂದಿದ್ದೆ. ತಪ್ಪು. ರೈಫಲ್‌ನ ನಳಿಗೆಯೊಳಗೆ ಸುತ್ತು ಗೀರು ಉಂಟು, ಬಾಯಿಯ ಅಂಚು ಕಡ್ಡಿ ತಾಗಿ ಸವೆದ್ರೆ ಗುರಿಯೇ ಕೆಡ್ತದೆ. ವಿಂಚೆಸ್ಟರ್ 94 ಅಂತ ಉಂಟಲ್ಲ, ಜಾನ್ ಬ್ರೌನಿಂಗ್ ಮಾಡಿದ್ದು, ಅದರಲ್ಲಿ ಬೋಲ್ಟು ತೆಗಿಲಿಕ್ಕೆ ಇಷ್ಟು ಸುಲಭ ಇಲ್ಲ. ಅದಕ್ಕೆ ಬಾಯಿಯಿಂದಲೇ ಹಾಕ್ತಾರೆ, ಕಡ್ಡಿಗೆ ಒಂದು ಬಳೆ ತೊಡಿಸಿ ಜಾಗ್ರತೆಯಲ್ಲಿ. ಮದ್ದಿನ ಮಸಿ ಬಿಡಿಸುವ ದ್ರಾವಣದಲ್ಲಿ ಅದ್ದಿದ ಬಟ್ಟೆ, ಹಿತ್ತಾಳೆ ಬಣ್ಣದ ಬ್ರಷ್, ಮತ್ತೆ ಒಣ ಬಟ್ಟೆ. ಎಂಟು ಬಟ್ಟೆ ಕಪ್ಪಾಗಿ ಬಂತು, ಒಂಬತ್ತನೇದು ಬೂದಿ ಬಣ್ಣ, ಕಡೆಗೆ ಬಿಳಿ.

ಎಣ್ಣೆ ವಿಷಯಕ್ಕೆ ಜಗಳ ಆಯ್ತು. ಮಗಳು ಊರಿಂದ ತಗೊಂಡು ಹೋದ ತೆಂಗಿನೆಣ್ಣೆ ಹಾಕು, ನಮ್ಮ ಕೋವಿಗೆ ಅಪ್ಪ ಅದನ್ನೇ ಹಾಕ್ತಿದ್ದದ್ದು ಅಂದೆ. ಅಳಿಯ ನಗ್ತಾ ಅಡಿಗೆ ಕೋಣೆಯ ಬಾಟ್ಲಿ ತಂದು ಫೋನಿಗೆ ತೋರಿಸಿದ. ಒಳಗೆ ಬೆಣ್ಣೆ ಹಾಗೆ ಗಟ್ಟಿ! ನನಗೆ ಬಾಯಿ ಇಲ್ಲ. ಇಪ್ಪತ್ತನಾಲ್ಕು ಡಿಗ್ರಿಗೆ ಕೆಳಗೆ ಹೋದ್ರೆ ತೆಂಗಿನೆಣ್ಣೆ ಹೆಪ್ಪುಗಟ್ತದೆ, ಬೋಲ್ಟಿನೊಳಗೆ ಹಾಗೆ ಆದ್ರೆ ತೋಟೆಯ ಕೇಪಿಗೆ ಬಡಿಯುವ ಸಣ್ಣ ಕಡ್ಡಿ ಸರಿ ಬಡಿಯುದೇ ಇಲ್ಲ. ನಮ್ಮಲ್ಲಿ ಹೆಚ್ಚಾಗಿ ಹೆಪ್ಪುಗಟ್ಟುದಿಲ್ಲ, ಆದ್ರೆ ವರ್ಷಗಟ್ಟಲೆ ಇದ್ದು ಅಂಟು ಅಂಟು ಆಗ್ತದೆ, ಅದೂ ಸರಿಯಲ್ಲ. ಹೊಲಿಗೆ ಮೆಷಿನಿನ ತೆಳ್ಳಗಿನ ಎಣ್ಣೆ ಒಂದು ತೊಟ್ಟು ಸಾಕು.

ಪುನಃ ಜೋಡಿಸುವಾಗ ಆ ಎಜೆಕ್ಟರ್ ಮೂರು ಸಲ ಬಿತ್ತು. ಎಡಗೋಡೆಯ ತೂತಿಗೆ ಅದರ ಮೊಳೆ ಕೂರಬೇಕು, ಕೂತ ಮೇಲೆ ಬೋಲ್ಟಿನ ಗೀರು ಅದರ ಮೇಲೆ ಹಾದು ಹೋಗಬೇಕು. ಮೂರನೇ ಸಲದಿಂದ ಬೈರಾಸು ಹಾಸಿದ!

ಈಗ ನಿಮ್ಮದು, ಭಾವ. ಜೋಡುನಳಿಗೆ ಕೋವಿ ಮೂರೇ ತುಂಡು: ಮುಂದಿನ ಮರ, ನಳಿಗೆ, ಹಿಡಿ. ಅಷ್ಟು ಬಿಚ್ಚಿ, ಅಲ್ಲಿಗೆ ನಿಲ್ಲಿಸಿ. ಹಿಡಿಯ ಬದಿಯ ಸ್ಕ್ರೂ ಮುಟ್ಬೇಡಿ. ಒಳಗಿನ ಸ್ಪ್ರಿಂಗ್ ಬಿಗಿಯಾಗಿ ಕೂತಿರ್ತದೆ, ಹಾರಿದ್ರೆ ನಿಮ್ಮ ಕೈಯೂ ಹೋಗ್ತದೆ, ಲೈಸೆನ್ಸ್ ಇರುವ ರಿಪೇರಿಯವರ ಹತ್ರ ಹೋಗುದೂ ಆಗ್ತದೆ. ತುಕ್ಕಿನ ಚುಕ್ಕೆಗೆ ಎಣ್ಣೆ ಹಚ್ಚಿ ಒಂದು ರಾತ್ರಿ ಬಿಡಿ, ಬೆಳಿಗ್ಗೆ ಒರಟು ಬಟ್ಟೆಯಲ್ಲಿ ಉಜ್ಜಿ. ಸ್ಯಾಂಡ್ ಪೇಪರ್ ಹಚ್ಚಿದ್ರೋ, ನಳಿಗೆಯ ನೀಲಿಗಪ್ಪು ಬಣ್ಣ ಹೋಗಿ ಮುಂದಿನ ಮಳೆಗೆ ಪೂರಾ ತುಕ್ಕು. ಚರ್ಮದ ಚೀಲದಲ್ಲಿ ಇಡ್ಬೇಡಿ ಮಾರ್ರೆ, ಸುರತ್ಕಲ್‌ನ ಉಪ್ಪುಗಾಳಿಗೆ ಅದು ತೇವ ಹೀರಿ ಕೂತಿರ್ತದೆ. ಎಣ್ಣೆ ಹಚ್ಚಿ, ಕಪಾಟಿಗೆ ಬೀಗ ಹಾಕಿ.

ಒಟ್ರಾಶಿ ನೀವು ಆದಿತ್ಯವಾರದ ತನಕ ಎಂತದ್ದೂ ಮಾಡ್ಬೇಡಿ. ನಾನೇ ಬಸ್ಸಿಗೆ ಬರ್ತೇನೆ. ಹಳೆ ಬೈರಾಸು ಎರಡು ತೆಗೆದಿಡ್ಲಿಕ್ಕೆ ತಂಗಿಗೆ ಹೇಳಿ, ಸ್ಕ್ರೂಡ್ರೈವರ್ ಎಲ್ಲ ಅಟ್ಟಕ್ಕೆ ಹಾಕಿ. ಮಧ್ಯಾಹ್ನಕ್ಕೆ ನೀರುದೋಸೆ ಸಾಕು. ಇಡ್ತೇನೆ, ಅಡಿಕೆಯವರು ಕರೀತಿದ್ದಾರೆ.